ಪೆಟ್ಟಿಗೆಯೊಳಗಿನ ಮಳೆ: ಕಡಲ ದಾರಿಯಲ್ಲಿ ಕಾಫಿ ಮತ್ತು ತೇವ

ಇಪ್ಪತ್ತು ಅಡಿಯ ಒಂದು ಕಂಟೇನರ್‌ನಲ್ಲಿ 60 ಕಿಲೋ ತೂಕದ 320 ಗೋಣಿಚೀಲ ಕಾಫಿ ಹಿಡಿಸುತ್ತದೆ. ಒಟ್ಟು 19.2 ಟನ್. ಬೀಜದ ತೇವಾಂಶ ಶೇ. 12 ಇದ್ದರೆ, ಮುಟ್ಟಿದರೆ ಪೂರಾ ಒಣಗಿದಂತೆ ತೋರುವ ಆ ಸರಕಿನೊಳಗೆ ಸುಮಾರು 2,300 ಲೀಟರ್ ನೀರು ಅಡಗಿರುತ್ತದೆ. ಅದೇ ಕಂಟೇನರ್ ಖಾಲಿ ಇರುವಾಗ, ಮಂಗಳೂರಿನ 30 ಡಿಗ್ರಿ ಸೆಕೆಯಲ್ಲಿ, ಅದರೊಳಗಿನ 33 ಘನ ಮೀಟರ್ ಗಾಳಿಯಲ್ಲಿರುವ ಹಬೆಯನ್ನೆಲ್ಲ ಹಿಂಡಿ ತೆಗೆದರೂ ಒಂದು ಲೀಟರ್ ನೀರು ಸಿಗುವುದಿಲ್ಲ.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳದೆ ಕಡಲ ಸಾಗಣೆಯ ತೇವದ ಚರ್ಚೆ ಅರ್ಥವಾಗುವುದಿಲ್ಲ. ಹ್ಯಾಂಬರ್ಗ್‌ನಲ್ಲೋ ಟ್ರಿಯೆಸ್ಟ್‌ನಲ್ಲೋ ಬಾಗಿಲು ತೆರೆದಾಗ ಮೇಲಿನ ಸಾಲಿನ ಚೀಲಗಳು ತೊಯ್ದು ಬೂಷ್ಟು ಹಿಡಿದಿದ್ದರೆ ಮೊದಲು ಅನುಮಾನ ಹೋಗುವುದು ಸಮುದ್ರದ ಮೇಲೆ. ಹಾನಿ ಪರಿಶೀಲಿಸುವ ಸರ್ವೇಯರ್ ಬಂದು ಕಲೆಯ ಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣ ಹಾಕಿ ನೋಡುತ್ತಾನೆ. ಉಪ್ಪುನೀರಾದರೆ ಬೆಳ್ಳಗೆ ಹಾಲುಗಟ್ಟಬೇಕು. ಗಟ್ಟದಿದ್ದರೆ ಅದು ಸಿಹಿನೀರು. ಪೆಟ್ಟಿಗೆಯಲ್ಲಿ ತೂತಿಲ್ಲ, ಬಾಗಿಲಿನ ರಬ್ಬರ್ ಸರಿಯಾಗಿದೆ, ಮಳೆಯ ಗುರುತಿಲ್ಲ ಎಂದಾದರೆ ಉಳಿಯುವ ಉತ್ತರ ಒಂದೇ: ಕಾಫಿಯನ್ನು ತೋಯಿಸಿದ್ದು ಕಾಫಿಯೊಳಗಿನ ನೀರೇ.

ಹಾಗಾದರೆ ತಡೆಯುವುದು ಹೇಗೆ, ತಡೆಯಬೇಕಾದವರು ಯಾರು? ಕಾಫಿಯ ಕಣದಿಂದ ಲಂಡನ್ನಿನ ನ್ಯಾಯಾಲಯದವರೆಗೆ ಈ ಪ್ರಶ್ನೆಗೆ ಬೇರೆಬೇರೆ ಉತ್ತರಗಳಿವೆ. ಗೇರುಬೀಜ, ಕೋಕೋ, ಅಕ್ಕಿ, ಚರ್ಮ, ಪೀಠೋಪಕರಣ ಎಲ್ಲಕ್ಕೂ ಇದೇ ಪ್ರಶ್ನೆ ಇದೆಯಾದರೂ ಇಲ್ಲಿ ಕಾಫಿಯನ್ನೇ ಮುಂದಿಟ್ಟುಕೊಂಡಿದ್ದೇನೆ. ಈ ವಾದವನ್ನು ಕಾಫಿ ಬಹಳ ದೂರ ಎಳೆದುಕೊಂಡು ಹೋಗಿದೆ.

ಮರದ ಹಡಗಿನಿಂದ ಉಕ್ಕಿನ ಪೆಟ್ಟಿಗೆಗೆ

ಹಾಯಿಹಡಗಿನ ಕಾಲದಲ್ಲಿ ಮಲಬಾರ್ ಕರಾವಳಿಯ ಕಾಫಿ ಯುರೋಪ್ ಸೇರಲು ಆಫ್ರಿಕದ ಗುಡ್ ಹೋಪ್ ಭೂಶಿರವನ್ನು ಸುತ್ತಿಕೊಂಡು ತಿಂಗಳುಗಟ್ಟಲೆ ಸಾಗಬೇಕಿತ್ತು. ಮರದ ಒಡಲಿನಲ್ಲಿ ಕಡಲ ತೇವ ಕುಡಿಯುತ್ತ ಹೋದ ಬೀಜ ಉಬ್ಬಿ, ಹಸಿರು ಕಳೆದುಕೊಂಡು, ಹೊಂಬಣ್ಣಕ್ಕೆ ತಿರುಗುತ್ತಿತ್ತು. ಹುಳಿ ಇಳಿದು ರುಚಿ ಮೆತ್ತಗಾಗುತ್ತಿತ್ತು. ಕೊಳ್ಳುವವರು ಅದನ್ನೇ ಭಾರತದ ಕಾಫಿಯ ಗುಣ ಎಂದುಕೊಂಡರು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿಹಡಗುಗಳು ಬಂದವು, ಪ್ರಯಾಣ ಮೊಟಕಾಯಿತು. ಹಸಿರಾಗಿಯೇ ಬಂದಿಳಿದ ಕಾಫಿಯನ್ನು ಹಳೆಯ ಗಿರಾಕಿಗಳು ಒಪ್ಪಲಿಲ್ಲ. ಆಗ ಕಾಫಿ ಸಂಸ್ಕರಿಸುವ ಕರಾವಳಿಯ ಕ್ಯೂರಿಂಗ್ ವರ್ಕ್ಸ್‌ಗಳು ಹಡಗಿನೊಳಗೆ ನಡೆಯುತ್ತಿದ್ದುದನ್ನು ನೆಲದ ಮೇಲೆ ಮಾಡತೊಡಗಿದವು ಎಂಬುದು ಕಾಫಿ ವ್ಯಾಪಾರದಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಚರಿತ್ರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಗಾಳಿಗೆ ತೆರೆದ ಗೋದಾಮಿನಲ್ಲಿ ಹಣ್ಣಾಗಿಯೇ ಒಣಗಿಸಿದ ಚೆರ್ರಿ ಕಾಫಿಯ ಬೀಜವನ್ನು ಹರವಿ, ಕೆದಕಿ, ಸಡಿಲವಾಗಿ ಚೀಲಕ್ಕೆ ತುಂಬಿ, ಸಾಲುಗಳ ನಡುವೆ ಮುಂಗಾರಿನ ಗಾಳಿ ಹಾಯಲು ಬಿಡುವ ಆ ಪದ್ಧತಿಯ ಫಲವೇ ಇಂದು ಭೌಗೋಳಿಕ ಗುರುತು ಪಡೆದಿರುವ ಮಾನ್ಸೂನ್ಡ್ ಮಲಬಾರ್.

ಸರಕನ್ನು ಕೆಡಿಸುವ ತೇವವೇ ಒಂದು ಸರಕನ್ನು ಹುಟ್ಟಿಸಿತು. ಅದನ್ನು ಮರೆತು ತೇವವನ್ನು ಬರೀ ಶತ್ರುವೆಂದು ಬರೆಯುವ ಕೈಪಿಡಿಗಳು ಅರ್ಧ ಮಾತ್ರ ಹೇಳುತ್ತವೆ.

ಮರದ ಜಾಗಕ್ಕೆ ಕಬ್ಬಿಣ, ಉಕ್ಕು ಬಂದ ಮೇಲೆ ಹಡಗಿನ ಒಡಲು ಬೇಗ ಕಾಯುವ, ಬೇಗ ತಣಿಯುವ ಜಾಗವಾಯಿತು. ನಾವಿಕರು ಎರಡು ಬಗೆಯ ಬೆವರನ್ನು ಗುರುತಿಸಿದರು. ಬಿಸಿನಾಡಿನಿಂದ ತಣ್ಣನೆಯ ನಾಡಿಗೆ ಹೋಗುವಾಗ ಒಳಗಿನ ಬೆಚ್ಚನೆಯ ಹಬೆ ತಣಿದ ಉಕ್ಕಿಗೆ ತಾಗಿ ಹನಿಯುವುದು ಹಡಗಿನ ಬೆವರು. ತಣ್ಣನೆಯ ನಾಡಿನ ಸರಕಿಗೆ ಬಿಸಿನಾಡಿನ ಗಾಳಿ ತಾಗಿ, ನೀರು ನೇರವಾಗಿ ಸರಕಿನ ಮೇಲೇ ಕೂರುವುದು ಸರಕಿನ ಬೆವರು. ಕಾಫಿಗೆ ಮೊದಲನೆಯದರ ಕಾಟ. ಯುರೋಪಿನಿಂದ ಚಳಿಗಾಲದಲ್ಲಿ ಹೊರಟು ನಮ್ಮ ಕರಾವಳಿಗೆ ಬರುವ ಯಂತ್ರ, ಉಕ್ಕಿನ ಸುರುಳಿಗಳಿಗೆ ಎರಡನೆಯದರ ಕಾಟ.

1956ರ ಏಪ್ರಿಲ್ 26ರಂದು ಸಾಗಣೆ ಉದ್ಯಮಿ ಮಾಲ್ಕಮ್ ಮೆಕ್ಲೀನ್ ಅವರ ಐಡಿಯಲ್ ಎಕ್ಸ್ ಹಡಗು 58 ಪೆಟ್ಟಿಗೆ ಹೊತ್ತು ಅಮೆರಿಕದ ನ್ಯೂಅರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಾಗ ಲೆಕ್ಕದಲ್ಲಿದ್ದದ್ದು ಹೇರಿ ಇಳಿಸುವ ಖರ್ಚು. ಕಳ್ಳತನ ಕಡಿಮೆಯಾಯಿತು, ಬಂದರಿನಲ್ಲಿ ಕಾಯುವ ದಿನಗಳು ತಗ್ಗಿದವು. ಆದರೆ ಹಡಗಿನ ಒಡಲನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿಗೆ ಇನ್ನು ಸರಕಿನ ದರ್ಶನವೇ ಇಲ್ಲ. ಮೊಹರು ಹಾಕಿದ ಪೆಟ್ಟಿಗೆಯೊಳಗೆ ಏನು ನಡೆಯುತ್ತಿದೆ ಎಂಬುದು ಬಾಗಿಲು ತೆರೆಯುವವರೆಗೆ ಯಾರಿಗೂ ತಿಳಿಯದು. ನಮ್ಮ ವಿವಾದಗಳೆಲ್ಲ ಈ ಕುರುಡಿನಿಂದ ಹುಟ್ಟಿದವು.

ನೀರು ಜಾಗ ಬದಲಿಸುವ ಬಗೆ

30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ಹಬೆ ಹೊರಬಲ್ಲದು; 10 ಡಿಗ್ರಿಯಲ್ಲಿ 9 ಗ್ರಾಂ ಚಿಲ್ಲರೆ; 5 ಡಿಗ್ರಿಯಲ್ಲಿ 7 ಗ್ರಾಂ ಒಳಗೆ. ಕಾಫಿ ಬೀಜ ತನ್ನ ಸುತ್ತಲಿನ ಗಾಳಿಯೊಂದಿಗೆ ಸದಾ ಕೊಡುಕೊಳ್ಳುವಿಕೆಯಲ್ಲಿರುತ್ತದೆ. ಶೇ. 12 ತೇವಾಂಶದ ಬೀಜ ಸುತ್ತಲಿನ ಗಾಳಿಯ ಸಾಪೇಕ್ಷ ಆರ್ದ್ರತೆಯನ್ನು ಶೇ. 60-65ರ ಆಸುಪಾಸಿನಲ್ಲಿ ತಂದು ನಿಲ್ಲಿಸುತ್ತದೆ. 30 ಡಿಗ್ರಿಯಲ್ಲಿ ಅಂಥ ಗಾಳಿಯ ಇಬ್ಬನಿ ಬಿಂದು 22 ಡಿಗ್ರಿಯ ಹತ್ತಿರ. ಅಂದರೆ ಕಾಫಿ ಬೆಚ್ಚಗಿದ್ದು, ಪೆಟ್ಟಿಗೆಯ ಚಾವಣಿ ಮಾತ್ರ 22 ಡಿಗ್ರಿಗಿಂತ ಕೆಳಗಿಳಿದರೆ ಸಾಕು, ಅಲ್ಲಿ ಹನಿ ಕಟ್ಟುತ್ತದೆ. ಅನ್ನದ ಪಾತ್ರೆಯ ಮುಚ್ಚಳದ ಒಳಬದಿಯಲ್ಲಿ ನಡೆಯುವುದೇ ಇದು.

ಅಷ್ಟಕ್ಕೇ ನಿಂತಿದ್ದರೆ ಅಪಾಯ ಅಲ್ಪ. ಗಾಳಿಯಿಂದ ಹನಿಯಾಗಿ ಹೋದ ಹಬೆಯನ್ನು ಬೀಜ ಕೂಡಲೇ ತುಂಬಿಕೊಡುತ್ತದೆ. ಆ ಹಬೆಯೂ ಮೇಲೇರಿ ಹನಿಯಾಗುತ್ತದೆ. ಸರಕಿನ ನಡುಭಾಗ ಬೆಚ್ಚಗೆ, ಉಕ್ಕು ತಣ್ಣಗೆ ಇರುವಷ್ಟು ಹೊತ್ತೂ ನೀರು ನಡುವಿನಿಂದ ಅಂಚಿಗೆ ಸಾಗುತ್ತಲೇ ಇರುತ್ತದೆ. ಹೊರಡುವಾಗ ಎಲ್ಲ ಚೀಲದಲ್ಲೂ ಶೇ. 12 ಇದ್ದ ತೇವ ತಲುಪುವಾಗ ನಡುವಿನ ಚೀಲಗಳಲ್ಲಿ ಇಳಿದು, ಮೇಲಿನ ಮತ್ತು ಗೋಡೆ ಬದಿಯ ಚೀಲಗಳಲ್ಲಿ ಬೂಷ್ಟಿಗೆ ಬೇಕಾದಷ್ಟು ಏರಿರಬಹುದು. ಒಟ್ಟು ತೂಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇಡೀ ಸರಕಿನ ತೂಕದಲ್ಲಿ ಸಾವಿರಕ್ಕೊಂದು ಪಾಲು ನೀರು ಜಾಗ ಬದಲಿಸಿದರೂ ಅದು 19 ಲೀಟರ್. ಒಂದು ಸಾಲು ಗೋಣಿಯನ್ನು ಕೆಡಿಸಲು ಧಾರಾಳ ಸಾಕು.

ಇದಕ್ಕೆ ಹಗಲುರಾತ್ರಿಯ ಏರಿಳಿತ ಸೇರಿಕೊಳ್ಳುತ್ತದೆ. ಮಂಗಳೂರಿನಿಂದ ಹೊರಟ ಪೆಟ್ಟಿಗೆ ಎಷ್ಟೋ ಸಲ ಚಿಕ್ಕ ಹಡಗಿನಲ್ಲಿ ಕೊಲಂಬೊದಂಥ ಬಂದರಿಗೆ ಹೋಗಿ ದೊಡ್ಡ ಹಡಗಿಗಾಗಿ ಕಾಯುತ್ತದೆ. ಯಾರ್ಡಿನಲ್ಲಿ ರಾಶಿಯ ತುದಿಯಲ್ಲಿ ಕೂತ ಪೆಟ್ಟಿಗೆಯ ಚಾವಣಿಗೆ ಇಡೀ ದಿನ ಬಿಸಿಲು, ರಾತ್ರಿ ತಂಪು. ಕಾಫಿ ಹಾಳಾಗುವುದು ಸಾಗರದ ನಡುವೆ ಎನ್ನುವುದಕ್ಕಿಂತ ಎರಡು ತುದಿಯ ಬಂದರುಗಳಲ್ಲಿ ಎನ್ನುವುದೇ ಹೆಚ್ಚು ಸರಿ ಎಂದು ನನಗೆ ಅನ್ನಿಸುತ್ತದೆ. ಹಡಗಿನ ಒಡಲಿನಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ ಇರುವ ಪೆಟ್ಟಿಗೆಯ ಉಷ್ಣತೆ ನಿಧಾನವಾಗಿ ಬದಲಾಗುತ್ತದೆ. ನೆಲದ ಮೇಲಿನದಕ್ಕೆ ಆ ಸಮಾಧಾನವಿಲ್ಲ.

ಗಾಳಿಯಾಡಲಿ ಎನ್ನುವವರು

ಎಲ್ಲಕ್ಕಿಂತ ಹಳೆಯದು ನಾವಿಕರ ಪಂಥ. ಹೊರಗಿನ ಗಾಳಿಯ ಇಬ್ಬನಿ ಬಿಂದು ಒಳಗಿನದಕ್ಕಿಂತ ಕೆಳಗಿದ್ದರೆ ಗಾಳಿ ಬಿಡು, ಇಲ್ಲದಿದ್ದರೆ ಮುಚ್ಚು ಎಂಬುದು ಅವರ ನಿಯಮ. ಒಡಲೊಳಗೆ ಅಳೆಯುವುದು ಕಷ್ಟವಾದಾಗ ಇನ್ನೊಂದು ಒರಟು ಲೆಕ್ಕವಿದೆ: ಹೇರುವಾಗ ಸರಕಿಗಿದ್ದ ಉಷ್ಣತೆಗಿಂತ ಹೊರಗಾಳಿ ಕನಿಷ್ಠ 3 ಡಿಗ್ರಿ ತಂಪಾಗಿದ್ದರೆ ಮಾತ್ರ ಗಾಳಿ ಬಿಡಬೇಕು. ಧಾನ್ಯದ ಹಡಗುಗಳಲ್ಲಿ ಇವೆರಡೂ ಇಂದಿಗೂ ಚಾಲ್ತಿಯಲ್ಲಿವೆ.

ಕಂಟೇನರ್‌ಗೆ ಈ ಬುದ್ಧಿಯನ್ನು ಹೊಂದಿಸಲು ಹೊರಟವರು ಕೆಳಗಿನ ಮತ್ತು ಮೇಲಿನ ಅಂಚಿನುದ್ದಕ್ಕೂ ಗಾಳಿಕಂಡಿ ಇರುವ ಪೆಟ್ಟಿಗೆಗಳನ್ನು ಮಾಡಿದರು. ವ್ಯಾಪಾರದಲ್ಲಿ ಅವಕ್ಕೆ ಕಾಫಿ ಕಂಟೇನರ್ ಎಂದೇ ಹೆಸರು. ಬಿಸಿ ಗಾಳಿ ಮೇಲಿಂದ ಹೋಗಿ ತಂಪು ಗಾಳಿ ಕೆಳಗಿಂದ ಬರುವ ಸರಳ ಏರ್ಪಾಡು. ಸಾಮಾನ್ಯ ಕಂಟೇನರ್‌ನ ಮೂಲೆಯಲ್ಲಿ ಕಾಣುವ ಸಣ್ಣ ತೂತುಗಳನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು; ಅವುಗಳಿಂದ ಒಳಹೊರಗಿನ ಒತ್ತಡ ಸಮವಾಗುತ್ತದೆಯೇ ಹೊರತು ಹೇಳಿಕೊಳ್ಳುವಷ್ಟು ಗಾಳಿ ಬದಲಾಗುವುದಿಲ್ಲ.

ಈ ಪಂಥ ಸೋತದ್ದು ವಿಜ್ಞಾನದಲ್ಲಲ್ಲ, ಲೆಕ್ಕಪುಸ್ತಕದಲ್ಲಿ. ವಿಶೇಷ ಪೆಟ್ಟಿಗೆಗೆ ಬೆಲೆ ಹೆಚ್ಚು. ಬೇಕಾದಾಗ ಬೇಕಾದ ಬಂದರಿನಲ್ಲಿ ಸಿಗುವುದಿಲ್ಲ. ಸಾಮಾನ್ಯ ಪೆಟ್ಟಿಗೆ ಎಲ್ಲೆಡೆ ಅಗ್ಗ. ಜೊತೆಗೆ ಒಂದು ನಿಜವಾದ ದೌರ್ಬಲ್ಯವೂ ಇದೆ. ತೇವದ ಉಷ್ಣವಲಯದಲ್ಲಿ ನಿಂತ ಗಾಳಿಕಂಡಿಯ ಪೆಟ್ಟಿಗೆ ಹೊರಗಿನ ಹಬೆಯನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ, ಮತ್ತು ಕಂಡಿಯನ್ನು ಆಗ ಮುಚ್ಚಿ ಆಮೇಲೆ ತೆರೆಯಲು ಅಲ್ಲಿ ಯಾರೂ ಇರುವುದಿಲ್ಲ.

ಒಣಗಿಸಿಯೇ ಕಳಿಸಿ ಎನ್ನುವವರು

ಎರಡನೆಯ ಪಂಥ ಹಡಗನ್ನು ಬಿಟ್ಟು ಕಣಕ್ಕೆ ಬರುತ್ತದೆ. ಸಾಕಷ್ಟು ಒಣಗಿದ ಕಾಫಿ ಬೆವರುವುದಿಲ್ಲ. ಬೆವರಿದ್ದರೆ ಒಣಗಿಸಿದವರ ತಪ್ಪು ಎಂಬುದು ಇದರ ನಿಲುವು. ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ 420ನೇ ನಿರ್ಣಯ ರಫ್ತು ಕಾಫಿಯ ತೇವಾಂಶ ಶೇ. 8ಕ್ಕಿಂತ ಕಡಿಮೆ, ಶೇ. 12.5ಕ್ಕಿಂತ ಹೆಚ್ಚು ಇರಬಾರದೆಂದು ಶಿಫಾರಸು ಮಾಡಿತು. ನಮ್ಮ ಕಾಫಿ ಮಂಡಳಿ ಬೆಳೆಗಾರರಿಗೆ ಹೇಳುವ ಮಟ್ಟ ಇದಕ್ಕಿಂತ ಬಿಗಿ: ತಿರುಳು ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಶೇ. 10, ಅರೇಬಿಕಾ ಚೆರ್ರಿ 10.5, ರೊಬಸ್ಟಾ ಚೆರ್ರಿ 11. ಕಣದಲ್ಲಿ ಮುಷ್ಟಿ ತುಂಬ ಚೆರ್ರಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಗಲಗಲ ಸದ್ದು ಬಂದರೆ ಒಣಗಿತೆಂದು ಹೇಳುವವರು ಈಗಲೂ ಇದ್ದಾರೆ, ಅವರ ಕಿವಿ ಸುಳ್ಳಾಡುವುದು ಅಪರೂಪ.

ಬೂಷ್ಟಿನ ವಿಜ್ಞಾನ ಈ ಪಂಥದ ಬೆನ್ನಿಗಿದೆ. ಸುತ್ತಲಿನ ಆರ್ದ್ರತೆ ಶೇ. 70 ದಾಟದಿದ್ದರೆ ಬೂಷ್ಟು ಬೆಳೆಯುವುದು ಕಷ್ಟ. ಓಕ್ರಾಟಾಕ್ಸಿನ್-ಎ ಎಂಬ, ಮೂತ್ರಪಿಂಡಕ್ಕೆ ಹಾನಿ ಮಾಡುವ ವಿಷ ಹುಟ್ಟಲು ಅದಕ್ಕಿಂತಲೂ ಹೆಚ್ಚು ತೇವ ಬೇಕು. ಯುರೋಪಿಯನ್ ಒಕ್ಕೂಟ 2005ರಲ್ಲಿ ಹುರಿದ ಕಾಫಿಗೆ ಈ ವಿಷದ ಮಿತಿಯನ್ನು ಕಿಲೋಗೆ 5 ಮೈಕ್ರೋಗ್ರಾಂ ಎಂದು ಕಟ್ಟಿತು. 2023ರಿಂದ ಅದು 3ಕ್ಕೆ ಇಳಿದಿದೆ. ಇನ್‌ಸ್ಟಂಟ್ ಕಾಫಿಗೆ 10 ಇದ್ದದ್ದು 5 ಆಗಿದೆ. ಅಲ್ಲಿಂದಾಚೆ ತೇವ ರುಚಿಯ ಮಾತಾಗಿ ಉಳಿದಿಲ್ಲ, ಸರಕು ಗಡಿಯೊಳಗೆ ಹೋಗುತ್ತದೆಯೋ ಇಲ್ಲವೋ ಎಂಬ ಮಾತಾಗಿದೆ.

ಆದರೂ ಈ ಪಂಥದ ಮುಂದೆ ಎರಡು ಎಡವುಗಲ್ಲುಗಳಿವೆ. ಮೊದಲನೆಯದು ಅಳತೆ. ಪ್ರಯೋಗಾಲಯದ ಒಲೆಯಲ್ಲಿ 105 ಡಿಗ್ರಿಯಲ್ಲಿ ಒಣಗಿಸಿ ತೂಗುವ ವಿಧಾನಕ್ಕೂ ಗೋದಾಮಿನ ವಿದ್ಯುತ್ ಮೀಟರಿಗೂ ವ್ಯತ್ಯಾಸ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಸರಾಸರಿ ಎಂಬುದು ಮರೆಮಾಚುತ್ತದೆ. ಹತ್ತಾರು ತೋಟದ ಕಾಫಿ ಸೇರಿದ ಲಾಟಿನಲ್ಲಿ ಸರಾಸರಿ 11.5 ಇದ್ದೂ ಕೆಲವು ಚೀಲ 13.5 ಇರಬಹುದು, ಆ ಕೆಲವೇ ಸಾಕು.

ಎರಡನೆಯದು ನಮ್ಮದೇ ಮಾನ್ಸೂನ್ಡ್ ಮಲಬಾರ್. ಅದರ ತೇವಾಂಶ ಶೇ. 13ರಿಂದ 14.5. ನಿರ್ಣಯ 420 ಶೇ. 12.5ರ ಗೆರೆ ಎಳೆದಾಗ, ಪರಂಪರೆಯಿಂದಲೇ ಹೆಚ್ಚು ತೇವ ಹೊತ್ತ ಕಾಫಿಗಳಿಗೆ ವಿನಾಯಿತಿ ಕೊಟ್ಟಿತು. ಉದಾಹರಣೆಗೆ ಹೆಸರಿಸಿದ್ದು ಭಾರತದ ಮಾನ್ಸೂನ್ಡ್ ಕಾಫಿಯನ್ನು. ಮಳೆಗಾಲ ಮುಗಿದ ಮೇಲೆ ಸಿದ್ಧವಾಗುವ ಈ ಕಾಫಿ ಯುರೋಪ್ ಸೇರುವ ಹೊತ್ತಿಗೆ ಅಲ್ಲಿ ಚಳಿಗಾಲ. ಒಣಪಂಥದ ಲೆಕ್ಕ ಒಂದೇ ಪೂರ್ಣ ಸತ್ಯವಾಗಿದ್ದರೆ ಅದು ಯಾವತ್ತೂ ಸರಿಯಾಗಿ ತಲುಪಬಾರದಿತ್ತು. ತಲುಪುತ್ತಿದೆ. ಅಂದರೆ ಬೀಜದ ತೇವದಷ್ಟೇ ತೂಕ ದಾರಿಯ ಉಷ್ಣತೆಗೂ, ಹೇರುವವರ ಕೈಚಳಕಕ್ಕೂ ಇದೆ.

ಹೀರುವವರು, ಮುಚ್ಚುವವರು

ಪೆಟ್ಟಿಗೆಯ ಚಾವಣಿಯ ಕೆಳಗೆ ಒಣಕಾರಕದ ಚೀಲಗಳನ್ನು ತೂಗುಹಾಕುವುದು ಇಂದು ಎಲ್ಲೆಡೆ ರೂಢಿ. ಸಿಲಿಕಾ ಜೆಲ್ ಮತ್ತು ಬೆಂಟೊನೈಟ್ ಜೇಡಿ ತಮ್ಮ ತೂಕದ ಒಂದು ಪಾಲಿನಷ್ಟು ಮಾತ್ರ ನೀರು ಹೀರುತ್ತವೆ. ಕ್ಯಾಲ್ಸಿಯಂ ಕ್ಲೋರೈಡ್ ತೇವ ಹೆಚ್ಚಿರುವಲ್ಲಿ ತನ್ನ ತೂಕವನ್ನೂ ಮೀರಿ ಹೀರುತ್ತದೆ, ಆದರೆ ಕರಗಿ ಉಪ್ಪುದ್ರಾವಣವಾಗುತ್ತದೆ; ಚೀಲ ಸೋರಿದರೆ ಕಾಪಾಡಲು ಬಂದದ್ದೇ ಕೆಡಿಸುತ್ತದೆ. ಸ್ಟಾರ್ಚ್ ಬೆರೆಸಿ ಲೋಳೆಗಟ್ಟಿಸುವುದು ಆ ಕಾರಣಕ್ಕೆ.

ವಾದ ಇರುವುದು ಪ್ರಮಾಣದಲ್ಲಿ. ಹತ್ತಿಪ್ಪತ್ತು ಲೀಟರ್ ಹೀರಬಲ್ಲ ಚೀಲಗಳು 2,300 ಲೀಟರಿನ ಮುಂದೆ ಏನು ಮಾಡಿಯಾವು ಎಂದು ಒಣಪಂಥದವರು ಕೇಳುತ್ತಾರೆ. ಅವು ಸುಮ್ಮನೆ ಕಾಫಿಯಿಂದಲೇ ನೀರೆಳೆದು ತುಂಬಿಕೊಳ್ಳುತ್ತವೆ ಎನ್ನುತ್ತಾರೆ. ಸರಕನ್ನು ಒಣಗಿಸುವುದು ನಮ್ಮ ಗುರಿಯೇ ಅಲ್ಲ, ರಾತ್ರಿ ಚಾವಣಿ ತಣಿಯುವ ಕೆಲವು ಗಂಟೆ ಇಬ್ಬನಿ ಬಿಂದುವನ್ನು ಕೆಳಗೆ ಹಿಡಿದಿಟ್ಟರೆ ಸಾಕು ಎಂಬುದು ಇನ್ನೊಂದು ಕಡೆಯ ಉತ್ತರ. ಎರಡೂ ಸರಿ. ಹಗಲುರಾತ್ರಿಯ ಬೆವರಿಗೆ ಒಣಕಾರಕ ಉಪಯುಕ್ತ. ವಾರಗಟ್ಟಲೆ ಒಂದೇ ದಿಕ್ಕಿಗೆ ಸಾಗುವ ತೇವದ ಎದುರು ಅದು ದುರ್ಬಲ.

ಮುಚ್ಚುವವರ ದಾರಿ ಬೇರೆ. ಗೋಡೆಗೂ ಚೀಲಕ್ಕೂ ನಡುವೆ ಕ್ರಾಫ್ಟ್ ಕಾಗದವೋ ರಟ್ಟೋ ಇಟ್ಟು ಹನಿ ಚೀಲಕ್ಕೆ ತಾಗದಂತೆ ಮಾಡುವುದು ಹಳೆಯ ಕ್ರಮ. ಗೋಣಿಯೊಳಗೆ ಗಾಳಿಯಾಡದ ಬಹುಪದರದ ಪ್ಲಾಸ್ಟಿಕ್ ಚೀಲ ಇಡುವುದು ಹೊಸತು. ಬೆಲೆಬಾಳುವ ಸ್ಪೆಷಾಲಿಟಿ ಕಾಫಿಗೆ ಇದು ಬೇಗ ಹಬ್ಬಿದೆ. ಒಳಗಿನ ತೇವ ಹೊರಬರಲಾಗದು, ಹೊರಗಿನದು ಒಳಹೋಗದು. ಆದರೆ ಚೆನ್ನಾಗಿ ಒಣಗದ ಬೀಜವನ್ನು ಹೀಗೆ ಕಟ್ಟಿದರೆ ಕೇಡನ್ನೂ ಜೊತೆಗೆ ಕಟ್ಟಿದ ಹಾಗೆ.

ಬೂಷ್ಟನ್ನು ರಾಸಾಯನಿಕದಿಂದಲೇ ಕೊಲ್ಲುವ ದಾರಿಯೂ ಒಂದಿತ್ತು. ಚೀನಾದಿಂದ ಹೋದ ಸೋಫಾ, ಪಾದರಕ್ಷೆಗಳಲ್ಲಿಟ್ಟ ಡೈಮೀಥೈಲ್ ಫ್ಯೂಮರೇಟ್ ಪೊಟ್ಟಣಗಳಿಂದ ಯುರೋಪಿನಲ್ಲಿ ಅನೇಕರ ಚರ್ಮ ಸುಟ್ಟುಹೋಯಿತು. 2009ರಲ್ಲಿ ಒಕ್ಕೂಟ ಅಂಥ ವಸ್ತುಗಳನ್ನು ನಿಷೇಧಿಸಿತು. ಆ ದಾರಿಗೆ ಮರಳುವ ಅಗತ್ಯ ಯಾರಿಗೂ ಬರದಿರಲಿ.

ನ್ಯಾಯಾಲಯಗಳು ಕಂಡ ತೇವ

ನಷ್ಟ ಯಾರ ತಲೆಗೆ ಎಂಬಲ್ಲಿ ಎಲ್ಲ ಪಂಥಗಳೂ ಎದುರುಬದುರಾಗುತ್ತವೆ. ಸರಕಿನ ಅಂತರ್ಗತ ದೋಷದಿಂದಾದ ಹಾನಿಗೆ ಸಾಗಣೆದಾರ ಹೊಣೆಯಲ್ಲ ಎಂಬುದು ಕಡಲ ಕಾನೂನಿನ ಹಳೆಯ ವಿನಾಯಿತಿ. ನೀರು ಕಾಫಿಯೊಳಗಿನದೇ ಆದರೆ ಹಾನಿಯೂ ಕಾಫಿಯ ದೋಷವೇ ಅಲ್ಲವೇ?

ಈ ಪ್ರಶ್ನೆಯನ್ನು ವಿಮೆಯ ಕಡೆಯಿಂದ ಎದುರಿಸಿದ್ದು 1983ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಸೋಯಾ ವಿರುದ್ಧ ವೈಟ್ ಪ್ರಕರಣ. ಇಂಡೊನೇಷ್ಯದಿಂದ ಹೋದ ಸೋಯಾ ಅವರೆ ಕಾದು ಕೆಟ್ಟಿತ್ತು. ತೇವಾಂಶ ಶೇ. 12ಕ್ಕಿಂತ ಕಡಿಮೆಯಿದ್ದರೆ ಅಪಾಯವಿಲ್ಲ, 14 ಮೀರಿದರೆ ಕಾಯುವುದು ಖಚಿತ, ನಡುವೆ ಇದ್ದರೆ ಹೇಗೂ ಆಗಬಹುದು ಎಂಬ ಸಾಕ್ಷ್ಯ ಅಲ್ಲಿ ಬಂತು. ಆ ನಡುವಿನ ಎರಡು ಅಂಶಗಳೇ ಇಡೀ ವಿವಾದದ ನೆಲ. ಅಂತರ್ಗತ ದೋಷದ ಹಾನಿಯನ್ನೂ ವಿಮೆಯ ಕರಾರು ಒಳಗೊಂಡಿದೆ ಎಂದು ನ್ಯಾಯಾಲಯ ಹೇಳಿತು.

ಸಾಗಣೆದಾರರ ಹೊಣೆಯ ಪ್ರಶ್ನೆ ಮೂರು ದಶಕ ದಾಟಿ ಬಂತು. 2012ರಲ್ಲಿ ಕೊಲಂಬಿಯದ ಬ್ವೇನಾವೆಂಚುರಾದಿಂದ ಉತ್ತರ ಜರ್ಮನಿಗೆ ಹೋದ, ಗಾಳಿಕಂಡಿಯಿಲ್ಲದ 20 ಕಂಟೇನರ್‌ಗಳ ಕಾಫಿಯಲ್ಲಿ ಬೆವರಿನ ಹಾನಿ ಕಂಡಿತು. ಪೆಟ್ಟಿಗೆಗಳಿಗೆ ಕ್ರಾಫ್ಟ್ ಕಾಗದ ಹೊದಿಸಲಾಗಿತ್ತು. ಅದು ಎಷ್ಟು ದಪ್ಪ, ಎಷ್ಟು ಪದರ ಇರಬೇಕಿತ್ತು ಎಂಬುದರ ಮೇಲೆ ವಾದ ನಡೆಯಿತು. ಮೊದಲ ನ್ಯಾಯಾಲಯದಲ್ಲಿ ಸರಕಿನವರು ಗೆದ್ದರು, ಮೇಲ್ಮನವಿಯಲ್ಲಿ ಹಡಗು ಕಂಪನಿ. 2018ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ವೋಲ್‌ಕೆಫೆ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದ ಅಂತಿಮ ತೀರ್ಪನ್ನು ಸರಕಿನವರ ಪರವಾಗಿ ಕೊಟ್ಟಿತು. ತೀರ್ಪು ಬರೆದ ಲಾರ್ಡ್ ಸಂಪ್ಷನ್ ಅವರ ತರ್ಕದ ತಿರುಳು ಇದು: ತಾನು ತಕ್ಕ ಎಚ್ಚರ ವಹಿಸಿದ್ದೆ ಎಂದು ರುಜುವಾತು ಮಾಡಬೇಕಾದದ್ದು ಸಾಗಣೆದಾರ, ಸರಿಯಾದ ಎಚ್ಚರದಿಂದ ತಡೆಯಬಹುದಾಗಿದ್ದ ಹಾನಿಗೆ ಸರಕಿನ ಸ್ವಭಾವವನ್ನು ಕಾರಣ ಮಾಡುವಂತಿಲ್ಲ.

ಈ ತೀರ್ಪು ನ್ಯಾಯವಾದದ್ದು ಎಂಬುದು ನನ್ನ ದೃಢ ಅಭಿಪ್ರಾಯ. ಕಾಫಿ ತೇವ ಬಿಡುತ್ತದೆ ಎಂಬುದು ಹೊತ್ತೊಯ್ಯುವವರಿಗೆ ಗೊತ್ತಿಲ್ಲದ ಗುಟ್ಟಲ್ಲ. ಪೆಟ್ಟಿಗೆ ಯಾವುದು, ಅದು ಡೆಕ್ ಮೇಲೋ ಒಡಲಲ್ಲೋ, ಬಂದರಿನಲ್ಲಿ ಎಷ್ಟು ದಿನ ಬಿಸಿಲಿಗೆ ಎಂಬುದನ್ನೆಲ್ಲ ತೀರ್ಮಾನಿಸುವವರು ಬೆಳೆಗಾರರೂ ಅಲ್ಲ, ಕ್ಯೂರಿಂಗ್ ವರ್ಕ್ಸ್‌ನವರೂ ಅಲ್ಲ. ಆದರೂ ಯುರೋಪಿನಲ್ಲಿ ಕತ್ತರಿಸಿದ ಹಣ ರಫ್ತುದಾರರಿಗೆ, ಅಲ್ಲಿಂದ ಮುಂದಿನ ಹಂಗಾಮಿನ ಬೆಲೆಯಾಗಿ ತೋಟಕ್ಕೆ ಇಳಿಯುತ್ತದೆ. ಭಾರತದಲ್ಲಿ 1925ರ ಕಡಲ ಸರಕು ಸಾಗಣೆ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ. ಸಾಗಣೆದಾರನ ಎಚ್ಚರದ ಹೊಣೆಯನ್ನು ನಮ್ಮ ನ್ಯಾಯಾಲಯಗಳು ಎಷ್ಟು ಬಿಗಿಯಾಗಿ ಓದುತ್ತವೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ಇತ್ಯರ್ಥವಾಗದೆ ಉಳಿದವು

ದಾರಿಯ ಪ್ರಶ್ನೆ ಮತ್ತೆ ತೆರೆದುಕೊಂಡಿದೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹೂತಿ ಬಂಡುಕೋರರ ದಾಳಿಗೆ ಹೆದರಿ ದೊಡ್ಡ ಹಡಗುಗಳು ಮತ್ತೆ ಗುಡ್ ಹೋಪ್ ಭೂಶಿರ ಸುತ್ತತೊಡಗಿದವು. ಹಾಗೆ ಹೋದ ಕಾಫಿ ಸಮಭಾಜಕ ವೃತ್ತವನ್ನು ಎರಡು ಸಲ ದಾಟಿ, ದಕ್ಷಿಣದ ತಂಪು ನೀರನ್ನೂ ಹಾದು, ವಾರಕ್ಕೂ ಮೀರಿ ಹೆಚ್ಚು ದಿನ ಪೆಟ್ಟಿಗೆಯಲ್ಲಿ ಕೂರುತ್ತದೆ. ಸೂಯೆಜ್ ದಾರಿಯ ಅನುಭವದಿಂದ ಬಂದ ಒಣಕಾರಕದ ಪ್ರಮಾಣ ಈ ದಾರಿಗೆ ಸಾಕೇ? ಎಷ್ಟು ಒಣಕಾರಕ ಎಂಬುದಕ್ಕೆ ಎಲ್ಲರೂ ಒಪ್ಪಿದ ಸೂತ್ರವಿಲ್ಲದಿರುವಾಗ ಸಾಕು ಎನ್ನುವವರ ಮಾತನ್ನೂ ಸಾಲದು ಎನ್ನುವವರ ಮಾತನ್ನೂ ಪರೀಕ್ಷಿಸುವುದು ಕಷ್ಟ.

ಕಣದ ಪ್ರಶ್ನೆ ಇನ್ನಷ್ಟು ಕಠಿಣ. ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ ಕುಯ್ಲಿನ ತಿಂಗಳಲ್ಲೇ ಅಕಾಲಿಕ ಮಳೆ ಸುರಿದು, ಹರಡಿದ ಕಾಫಿ ಮತ್ತೆ ಮತ್ತೆ ತೊಯ್ಯುತ್ತಿದೆ. ಒಮ್ಮೆ ಒಣಗಿ ಮತ್ತೆ ನೆನೆದ ಬೀಜ ಕೊನೆಗೆ ಶೇ. 11ಕ್ಕೆ ಬಂದರೂ ಮೊದಲೇ ಒಳಹೊಕ್ಕ ಬೂಷ್ಟಿನ ಬೀಜಾಣುಗಳನ್ನು ಹೊತ್ತಿರುತ್ತದೆ. ಮೀಟರಿಗೆ ಅದು ಕಾಣದು. ಯಾಂತ್ರಿಕ ಡ್ರೈಯರ್ ಉತ್ತರವೇ ಆದರೆ ನಾಲ್ಕೈದು ಎಕರೆಯ ಬೆಳೆಗಾರ ಅದನ್ನು ಯಾರೊಂದಿಗೆ ಹಂಚಿಕೊಳ್ಳಬೇಕು, ಖರ್ಚು ಯಾರದು?

ಇನ್ನು ಪೆಟ್ಟಿಗೆಯೊಳಗೆ ಇಡುವ ಉಷ್ಣತೆ-ಆರ್ದ್ರತೆ ದಾಖಲಿಸುವ ಸಣ್ಣ ಯಂತ್ರಗಳು. ಕುರುಡು ಪೆಟ್ಟಿಗೆಗೆ ಇವು ಕಣ್ಣು ಕೊಟ್ಟಿವೆ ಎಂಬುದು ನಿಜ. ಆದರೆ ಬಾಗಿಲ ಬಳಿ ಇಟ್ಟ ಯಂತ್ರ ಹೇಳುವುದೇ ಒಂದು, ಚಾವಣಿಯ ಕೆಳಗಿನದು ಹೇಳುವುದೇ ಇನ್ನೊಂದು. ಎಲ್ಲಿಡಬೇಕು, ದಾಖಲೆ ಯಾರ ಸ್ವತ್ತು ಎಂಬುದು ಕರಾರುಗಳಲ್ಲಿ ಇನ್ನೂ ಗಟ್ಟಿಯಾಗಿಲ್ಲ. ಅದಕ್ಕಿಂತ ಆಳದ ತೊಡಕೊಂದಿದೆ. ಬೂಷ್ಟು ಕಾಣುವುದಕ್ಕೆ ಮುಂಚೆಯೇ ಕಾಫಿಯ ಬಣ್ಣ ಮಾಸುತ್ತದೆ, ಲೋಟದಲ್ಲಿ ಗೋಣಿಯ ವಾಸನೆ, ಹಳಸಲು ರುಚಿ ಬರುತ್ತದೆ. ಶೇ. 75ರ ಆರ್ದ್ರತೆಯಲ್ಲಿ ಎಷ್ಟು ದಿನ ಇದ್ದರೆ ಎಷ್ಟು ರುಚಿ ಹೋಯಿತು ಎಂದು ಹೇಳುವ, ಕೊಳ್ಳುವವರೂ ಮಾರುವವರೂ ವಿಮೆಯವರೂ ಒಪ್ಪುವ ಅಳತೆಗೋಲು ಇಲ್ಲ. ಅದಿಲ್ಲದೆ ಯಂತ್ರದ ನಕ್ಷೆಯನ್ನು ಪರಿಹಾರದ ಹಣವಾಗಿ ಪರಿವರ್ತಿಸಲಾಗದು; ಸದ್ಯ ಆ ತೀರ್ಮಾನ ಕೊಳ್ಳುವವರ ರುಚಿಕೋಣೆಯಲ್ಲಿ, ಮಾರಿದವರು ಹಾಜರಿಲ್ಲದಾಗ ಆಗುತ್ತಿದೆ.